ಕೊಠಡಿಗಳ ಸಂಖ್ಯೆ

ಅನುದಾನರಹಿತ ಶಾಲೆ, ಮಾನ್ಯತೆ ನವೀಕರಣದ ಅರ್ಜಿ,
ಏಳನೇ ಕಲಮು: ಕೊಠಡಿಗಳ ಸಂಖ್ಯೆ.
ನನ್ನ ಪೆನ್ನು ಪ್ರತಿ ವರ್ಷ ಇಲ್ಲೇ ನಿಲ್ಲುತ್ತದೆ.

ಮುದಗಲ್ ದಾರಿಯ ಈ ದೇಸಾಯರ ವಾಡೆ ಕಟ್ಟಿದವರು
ಕೊಠಡಿ ಎಣಿಸಲಿಲ್ಲ, ಅಂಕಣ ಎಣಿಸಿದರು.
ಪಡಸಾಲೆಗೆ ಮೂರೇ ಗೋಡೆ. ಅದು ಕೊಠಡಿಯೆ?
ಅಲ್ಲಿ ಎರಡನೇ ಇಯತ್ತೆ ಮಗ್ಗಿ ಹೇಳುತ್ತದೆ.
ಕುದುರೆ ಕಟ್ಟುತ್ತಿದ್ದ ಕಡೆ ಎಲ್‌ಕೆಜಿ,
ಗೂಟಗಳನ್ನು ಕಿತ್ತಿಲ್ಲ,
ನೀರಿನ ಬಾಟಲಿ ತೂಗುತ್ತವೆ.

ಕಂಬಗಳು ಹದಿನಾರು, ತೇಗ.
ಹದಿನಾಲ್ಕರಿಂದ ಯಾರಿಗೂ ತೊಂದರೆಯಿಲ್ಲ.
ಒಂದಕ್ಕೆ ನಕಾಶೆ ನೇತುಹಾಕಿದ್ದೇವೆ.
ಇನ್ನೊಂದರ ಹಿಂದೆ ಹುಸೇನಮ್ಮ ಕೂರುತ್ತಾಳೆ,
ಹಲಗೆ ಕಾಣುವುದಿಲ್ಲವೆಂದು ಎಂದೂ ಹೇಳಿದವಳಲ್ಲ.
ಮುಂದೆ ಬಾ ಅಂದರೆ,
"ಇಲ್ರೀ ಟೀಚರ್, ಇಲ್ಲೇ ತಂಪೈತ್ರಿ."
ಭಾಗಾಕಾರವನ್ನು ಕಿವಿಯಿಂದಲೇ ಕಲಿತಳು.
ಶೇಷ ಎಷ್ಟು ಎಂದು ಕೇಳಿದಾಗ ಮಾತ್ರ
ಕಂಬದ ಎಡಕ್ಕೊಂದು ಕಣ್ಣು ಮೂಡುತ್ತದೆ.

ಒಳಬಾಗಿಲು ಗಿಡ್ಡ. ಬಂದವರು ಬಾಗಲಿ ಎಂದೇ ಗಿಡ್ಡ.
ಮಕ್ಕಳಿಗೇನು ಗೊತ್ತು, ನೆಟ್ಟಗೆ ಓಡಿ ಬರುತ್ತವೆ.
ಆರನೇ ಇಯತ್ತೆಯಲ್ಲಿ ಯಾವುದೋ ಒಂದು ಮಧ್ಯಾಹ್ನ
ಯಾರದೋ ಹಣೆಗೆ ಟಪ್ಪನೆ ಚೌಕಟ್ಟು ತಗಲುತ್ತದೆ.
ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ,
ಜವಾನ ದ್ಯಾವಪ್ಪ ಸುಣ್ಣದ ತುಂಡು ಕೊಟ್ಟು
ಬಾಗಿಲ ಪಕ್ಕ ಹೆಸರು ಬರೆಸುತ್ತಾನೆ.
ಈ ವರ್ಷ ಇನ್ನೂ ಇಬ್ಬರೇ.

ನಮ್ಮಜ್ಜಿ ಮೂವತ್ತು ಸುಗ್ಗಿ ಈ ವಾಡೆಯ ಜೋಳ
ಹಸನು ಮಾಡಿದವಳು, ಹಿತ್ತಲ ದಿಡ್ಡಿಯ ಆಚೆ.
ಮೊರ ಒಳಗೆ ಹೋಗುತ್ತಿತ್ತು, ಆಕೆಯಲ್ಲ.
ಏಳನೇ ಕಲಮನ್ನು ಆಕೆ ತುಂಬಿದ್ದರೆ, ಸೊನ್ನೆ.
ಮಕ್ಕಳಿಗೆ ಇದನ್ನು ಹೇಳಿಲ್ಲ.
ಒಮ್ಮೆ ಹೇಳಹೊರಟೆ, ಊಟದ ಗಂಟೆ ಹೊಡೆಯಿತು.

ಹಗೇವು ಲೆಕ್ಕಕ್ಕೆ ಬರುತ್ತದೆಯೆ?
ಅಂಗಳದ ನಡುವೆ ಅದರ ಬಾಯಿಗಿದ್ದ ಕಲ್ಲು
ಜೂನಿನಲ್ಲಿ ಸರಿದು ಚೆಂಡು ಒಳಗೆ ಬಿತ್ತು.
ಹುಡುಗರು ಬಗ್ಗಿ ನೋಡಿ ಹಿಂದೆ ಸರಿದರು.
ಹಟ್ಟಿಯಿಂದ ಟಂಟಂನಲ್ಲಿ ಬರುವ ಮೌನೇಶ
ಬೂಟು ಕಳಚಿದ. "ಎಷ್ಟ್ ಆಳ ಐತ್ರಿ?"
ಹನ್ನೆರಡು ಅಡಿ ಇದ್ದೀತು ಅಂದೆ. ಬೇಡ ಅಂದೆ.
"ನಮ್ಮಪ್ಪ ದಿನಾ ಎರಡು ಸಾವಿರ ಇಳೀತಾನ್ರಿ."
ದ್ಯಾವಪ್ಪ ಮೊದಲು ಕಂದೀಲು ಇಳಿಬಿಟ್ಟ, ಆರಲಿಲ್ಲ.
ಆಮೇಲೆ ಹಗ್ಗ, ಹಗ್ಗದ ತುದಿಗೆ ಹುಡುಗ.
ಚೆಂಡು ತಂದ. ಇನ್ನೊಂದು ಮುಷ್ಟಿಯಲ್ಲಿ
ಜೋಳ, ಸುಟ್ಟಂಥ ಕಪ್ಪು, ಯಾವ ಕಾಲದ್ದೋ.
"ಒಳಗ ಹೆಂಗಿತ್ತೋ?"
"ನಮ್ಮಪ್ಪನ ಅಂಗಿ ವಾಸನಿ."

ಒದ್ದೆ ಬಟ್ಟೆಯಲ್ಲಿ ಕಟ್ಟಿ ನಾಲ್ಕು ದಿನ ಇಟ್ಟೆವು.
ವಿಜ್ಞಾನದ ಪಟ್ಟಿಯಲ್ಲಿ ಮಕ್ಕಳು ಬರೆದರು:
ಹೆಸರುಕಾಳು, ಮೊಳಕೆ ನಲವತ್ತು.
ದೇಸಾಯರ ಜೋಳ, ಮೊಳಕೆ ಸೊನ್ನೆ. ವಾಸನೆ ಇದೆ.

ಹೋದ ಸಲ ಲಿಂಗಸುಗೂರಿನಿಂದ ಬಂದ ಸಾಹೇಬರು
ಟೇಪು ಹಿಡಿದು ಎಲ್ಲ ಅಳೆದರು.
ಗೋಡೆಯ ದಪ್ಪ ನಾಲ್ಕು ಅಡಿ ಬಂದಾಗ,
"ಇದರಾಗೇ ಒಂದು ಕ್ಲಾಸ್ ಆಗ್ತಿತ್ತಲ್ರೀ" ಎಂದು ನಕ್ಕರು.
ಆಟದ ಮೈದಾನ? ಅಂಗಳ.
ಗ್ರಂಥಾಲಯ? ದಫ್ತರದ ಗೂಡು, ಎಂಟು ಮಾಡ.
ಹೋಗುವಾಗ ಹಣೆ ಬಡಿಸಿಕೊಂಡರು.
ರೂಢಿಯಂತೆ ಮಕ್ಕಳು ಚಪ್ಪಾಳೆ ತಟ್ಟಿದರು,
ದ್ಯಾವಪ್ಪನ ಕೈ ಸುಣ್ಣ ಹುಡುಕತೊಡಗಿತು,
ನಾನು ಕಣ್ಣು ಬಿಟ್ಟೆ.

ನಾಲ್ಕೂವರೆಗೆ ಟಂಟಂಗಳು ಹೊರಡುತ್ತವೆ.
ಇದು ಹಗಲಿನ ಶಾಲೆ, ರಾತ್ರಿಗೆ ಯಾರೂ ಉಳಿಯುವುದಿಲ್ಲ.
ಅಗಸಿಗೆ ಕೀಲಿ ಹಾಕುವ ಮುಂಚೆ ಒಂದು ಸುತ್ತು,
ಮರೆತ ಡಬ್ಬಿ, ಒಂಟಿ ಸಾಕ್ಸು.
ಇವತ್ತು ಕಂಬದ ಹಿಂದೆ ಕೂತು ನೋಡಿದೆ.
ನಿಜ, ತಂಪಿದೆ.
ಹಲಗೆ ಕಾಣುವುದಿಲ್ಲ.
ಬೆಳಕಿಂಡಿಯಿಂದ ಬಿದ್ದ ಬಿಸಿಲು ಕಾಣುತ್ತದೆ,
ಕಂಬದ ಬುಡದಲ್ಲಿ ಕೈವಾರದ ಮೊನೆಯಿಂದ
ಕೊರೆದ ಒಂದು ಭಾಗಾಕಾರ ಕಾಣುತ್ತದೆ.
ಬೈಯಬೇಕು ನಾಳೆ. ಶೇಷ ಸರಿಯಿದೆ.

ಅರ್ಜಿಗೆ ನಾಳೆಯೇ ಕೊನೆಯ ದಿನ.
ಏಳನೇ ಕಲಮಿನಲ್ಲಿ ಪೆನ್ಸಿಲ್ಲಿನಿಂದ ಹನ್ನೊಂದು ಎಂದು ಬರೆದು,
ಪಕ್ಕದಲ್ಲಿ, ಸಣ್ಣಕ್ಷರದಲ್ಲಿ:
ಹಗೇವು ಸೇರಿ.